ಶರಣಂ ಕೂಗುವಾಗ ಮನೆಯ ಫೋನ್ ಬಂದರೆ

ಸ್ವಾಮಿಯೇ ಶರಣಂ ಅಯ್ಯಪ್ಪ.



ಈ ಸರಣಿಗೆ ನಾನು ಇಷ್ಟು ದಿನ ಓದುಗ ಮಾತ್ರ. ಇಲ್ಲಿ ಬರುವ ಬರಹಗಳಲ್ಲಿ ಹೆಚ್ಚಿನವು ಸ್ವಾಮಿಯ ಮಹಿಮೆಯವು. ಕೆಲಸ ಸಿಕ್ಕಿತು, ರೋಗ ವಾಸಿಯಾಯಿತು, ಹತ್ತು ವರ್ಷದ ಮೇಲೆ ಮಕ್ಕಳಾದವು, ಹೀಗೆ. ಓದಿ ನಾನೂ ಎಷ್ಟೋ ಸಲ ಕಣ್ಣೀರು ಹಾಕಿದ್ದೇನೆ. ಅಡ್ಮಿನ್ ಸ್ವಾಮಿ "ಈ ಸಲ ನೀವೂ ಬರೆಯಿರಿ" ಅಂದಾಗ ನನ್ನಲ್ಲಿ ಹೇಳಲು ಪವಾಡ ಇರಲಿಲ್ಲ. ಒಂದು ಪ್ರಶ್ನೆ ಇತ್ತು. ಹದಿನೈದು ದಿನದಿಂದ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ.

ಮಗುವಿಗಾಗಿ ಹಿಡಿದ ವ್ರತ, ಮಗುವಿಗೆ ನಾನು ಬೇಕಾದ ಗಳಿಗೆಯಲ್ಲೇ ನನ್ನನ್ನು ದೂರ ಇಟ್ಟರೆ, ಅದು ಯಾರಿಗಾಗಿ ಮಾಡಿದ ವ್ರತ?

ಮೊದಲು ನಡೆದದ್ದನ್ನು ಹೇಳುತ್ತೇನೆ.

ನನ್ನ ಊರು ವಿಜಯಪುರ ಜಿಲ್ಲೆ. ಡಿಪ್ಲೊಮಾ ಮುಗಿಸಿ ಪುಣೆಗೆ ಬಂದೆ. ಒಂದು ಕಂಪನಿಯಲ್ಲಿ ಐಟಿ ಸಪೋರ್ಟ್ ಕೆಲಸ. ಯಾರದೋ ಲ್ಯಾಪ್‌ಟಾಪ್ ಹತ್ತದಿದ್ದರೆ, ಸರ್ವರ್ ಬಿದ್ದರೆ ನನಗೆ ಫೋನ್ ಬರುತ್ತದೆ. ಕಾತ್ರಜದಲ್ಲಿ ಒಂದೂವರೆ ರೂಮಿನ ಬಾಡಿಗೆ ಮನೆ. ನಮ್ಮ ಮಗನಿಗೆ ಈಗ ಐದು ತಿಂಗಳು. ಹುಟ್ಟಿದ ಮೇಲೆ ಹೃದಯದ ಎಕೋ ಮಾಡಿದಾಗ ಡಾಕ್ಟರ್ ಒಂದು ಹೆಸರು ಹೇಳಿದರು: ಟೆಟ್ರಾಲಜಿ ಆಫ್ ಫ್ಯಾಲೋ. ಹುಟ್ಟಿನಿಂದಲೇ ಹೃದಯದಲ್ಲಿ ನಾಲ್ಕು ದೋಷ. ಮುಖ್ಯವಾದವು ಎರಡು. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ, ಮತ್ತು ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಮಗು ಜೋರಾಗಿ ಅತ್ತರೆ, ಕೆಲವೊಮ್ಮೆ ಬೆಳಿಗ್ಗೆ ಎದ್ದ ಕೂಡಲೇ, ಆ ಇಕ್ಕಟ್ಟಿನ ದಾರಿ ಇನ್ನೂ ಬಿಗಿಯಾಗುತ್ತದೆ. ಆಗ ಆಮ್ಲಜನಕ ಇಲ್ಲದ ರಕ್ತ ಶ್ವಾಸಕೋಶಕ್ಕೆ ಹೋಗದೆ ರಂಧ್ರದ ಮೂಲಕ ಮೈಗೆ ನುಗ್ಗುತ್ತದೆ. ತುಟಿ, ಉಗುರು, ನಾಲಿಗೆ ನೀಲಿಯಾಗುತ್ತವೆ. ಡಾಕ್ಟರುಗಳು ಇದಕ್ಕೆ "ಸ್ಪೆಲ್" ಅನ್ನುತ್ತಾರೆ. ತಡವಾದರೆ ಜೀವಕ್ಕೇ ಅಪಾಯ.

ಇಂಥ ಹೊತ್ತಿನಲ್ಲಿ ಮನೆಯವರು ಏನು ಮಾಡಬೇಕು ಅಂತ ಆಸ್ಪತ್ರೆಯಲ್ಲಿ ನನಗೂ ಹೆಂಡತಿಗೂ ಕಲಿಸಿದ್ದರು. ಮಗುವಿನ ಎರಡೂ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿಯಬೇಕು. ಅಳಿಸಬಾರದು, ಸಮಾಧಾನ ಮಾಡಬೇಕು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಕಾಲು ಮಡಚಿದರೆ ಮೈಕಡೆಗೆ ಹೋಗುವ ರಕ್ತಕ್ಕೆ ತಡೆ ಹೆಚ್ಚಾಗಿ, ಸ್ವಲ್ಪ ರಕ್ತವಾದರೂ ಶ್ವಾಸಕೋಶದ ಕಡೆ ತಿರುಗುತ್ತದೆ. ಇಷ್ಟು ಸರಳ. ಆದರೆ ಅದನ್ನು ಮಾಡಲು ಒಬ್ಬರು ಮಗುವಿನ ಪಕ್ಕದಲ್ಲಿ ಇರಬೇಕು.

ಈ ಹಿಂದೆ ಮೂರು ಸಲ ಮಲೆಗೆ ಹೋಗಿದ್ದೇನೆ. ಈ ಸಲ ಹರಕೆ ಹೊತ್ತೆ. "ಸ್ವಾಮಿ, 41 ದಿನ ಒಂದು ನಿಯಮವೂ ತಪ್ಪದೆ ಮಾಡುತ್ತೇನೆ, ನನ್ನ ಕೂಸನ್ನು ಆಪರೇಷನ್ ದಿನದವರೆಗೆ ಕಾಪಾಡು." 2025ರ ನವೆಂಬರ್ 17, ವೃಶ್ಚಿಕ ಮಾಸದ ಮೊದಲ ದಿನ, ಮಾಲೆ ಹಾಕಿದೆ. ದಿನಾ ಬೆಳಿಗ್ಗೆ ನಾಲ್ಕಕ್ಕೆ ತಣ್ಣೀರು ಸ್ನಾನ, ನಂತರ ಐದು ನಿಮಿಷದ ದಾರಿಯಲ್ಲಿರುವ ನಮ್ಮ ಗುಂಪಿನ ಪೂಜಾ ಚಪ್ಪರಕ್ಕೆ. ಡಿಸೆಂಬರಿನಲ್ಲಿ ಕಾತ್ರಜ ಘಾಟಿನ ಕಡೆಯಿಂದ ಬರುವ ಗಾಳಿ ಹೇಗಿರುತ್ತದೆ ಅಂತ ಇಲ್ಲಿನ ಸ್ವಾಮಿಗಳಿಗೆ ಗೊತ್ತು.

ಹೊರಡುವಾಗ ಹೆಂಡತಿ ದಿನಾ ಒಂದು ಮಾತು ಹೇಳುತ್ತಿದ್ದಳು: "ಫೋನ್ ಕೈಯಾಗ ಇಟ್ಕೊಳ್ರಿ."

ಡಿಸೆಂಬರ್ 9, ಮಂಗಳವಾರ. ವ್ರತದ 23ನೇ ದಿನ. ನಾವು ಶರಣಂ ಹೇಳುತ್ತಿದ್ದೆವು. ಪಕ್ಕದ ಮನೆಯ ಕಾಕು ಸೆರಗು ಜಾರುವುದನ್ನೂ ನೋಡದೆ ಓಡಿ ಬಂದು ಚಪ್ಪರದ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದರು. ಚೀಲದಿಂದ ಫೋನ್ ತೆಗೆದೆ. ಮನೆಯಿಂದ ಒಂಬತ್ತು ಮಿಸ್ಡ್ ಕಾಲ್.

ಫೋನ್ ಸೈಲೆಂಟಿನಲ್ಲಿತ್ತು. ಪೂಜೆಯಲ್ಲಿ ಫೋನ್ ಬಾರಿಸಬಾರದು, ಅದು ನಿಯಮ. ಅಷ್ಟೇ ಆಗಿದ್ದರೆ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಆದರೆ ಸ್ವಾಮಿಗಳೇ, ನಾನು ಮಾಡುವ ಕೆಲಸ ಫೋನು, ಕಂಪ್ಯೂಟರಿನದು. ಸೈಲೆಂಟಿನಲ್ಲಿದ್ದರೂ ಒಂದು ನಂಬರ್ ಮಾತ್ರ ಬಾರಿಸುವಂತೆ ಇಡುವುದು ನನಗೆ ಗೊತ್ತು. ಹಾಗೆ ಇಟ್ಟೂ ಇದ್ದೆ. ಅದು ಆಫೀಸಿನ ನಂಬರ್. ಅದರ ಹಿಂದಿನ ಗುರುವಾರ ಪೂಜೆಯ ನಡುವೆ ಆಫೀಸಿನಿಂದ ಫೋನ್ ಬಂದಾಗ ಎದ್ದು ಹೊರಗೆ ಹೋಗಿ ಮಾತಾಡಿದ್ದೆ. ಅಂದರೆ ನಿಯಮ ಮುರಿಯಲು ನಾನು ತಯಾರಿದ್ದೆ. ಯಾರಿಗಾಗಿ ಮುರಿಯಬೇಕು ಅನ್ನುವುದನ್ನು ಮಾತ್ರ ಯೋಚಿಸಿರಲಿಲ್ಲ.

ನಾನು ಮನೆ ಮುಟ್ಟಿದಾಗ ಹೆಂಡತಿ ನೆಲದ ಮೇಲೆ ಕೂತು ಕೂಸಿನ ಮೊಣಕಾಲು ಅದರ ಎದೆಗೆ ಒತ್ತಿ ಹಿಡಿದಿದ್ದಳು. ಅಳುತ್ತಿರಲಿಲ್ಲ. ಕೂಸಿನ ತುಟಿ ನೇರಳೆ ಹಣ್ಣಿನ ಬಣ್ಣ. ನನ್ನ ಕಡೆ ನೋಡದೆ ಹೇಳಿದಳು:

"ನಿಮ್ಮ ಸ್ವಾಮಿ ಇಲ್ಲಿ ಉಸುರಿಗೆ ಒದ್ದಾಡ್ಲಾಕತ್ತಿದ್ದ. ನೀವು ಅಲ್ಲಿ ಶರಣಂ ಹೇಳ್ಲಾಕತ್ತಿದ್ರಿ."

ವ್ರತದಲ್ಲಿ ನಾವು ಎಲ್ಲರನ್ನೂ ಸ್ವಾಮಿ ಅನ್ನುತ್ತೇವೆ. ತೊಟ್ಟಿಲಲ್ಲಿದ್ದ ಕೂಸನ್ನೂ ನಾನು ಹಾಗೇ ಕರೆಯುತ್ತಿದ್ದೆ. ಅವಳು ಆ ಮಾತನ್ನು ನಿಜ ಅಂತ ತಿಳಿದಿದ್ದಳು. ನಾನು ಬಾಯಿಮಾತಿಗೆ ಹೇಳುತ್ತಿದ್ದೆ.

ಕಾಕು ಮಗ 108ಕ್ಕೆ ಫೋನ್ ಹಚ್ಚಿದ್ದ. ಅಷ್ಟರಲ್ಲಿ ನಮ್ಮ ಗುರುಸ್ವಾಮಿ ಆರತಿ ತಟ್ಟೆ ಇನ್ನೊಬ್ಬರ ಕೈಗೆ ಕೊಟ್ಟು ತಮ್ಮ ಟೆಂಪೋ ತಂದು ಮನೆ ಮುಂದೆ ನಿಲ್ಲಿಸಿದ್ದರು. ಸಾತಾರಾ ರಸ್ತೆಯಲ್ಲಿ ಆ ಹೊತ್ತಿಗೆ ಹಾಲಿನ ಗಾಡಿಗಳು ಬಿಟ್ಟರೆ ಏನೂ ಇರಲಿಲ್ಲ. ಹಗಲಾಗಿದ್ದರೆ ಕಾತ್ರಜ ಚೌಕ ದಾಟಲಿಕ್ಕೇ ಅರ್ಧ ಗಂಟೆ ಆಗುತ್ತಿತ್ತು.

ಆಸ್ಪತ್ರೆಯಲ್ಲಿ ಸಾಲು ಇತ್ತು. ನಮ್ಮ ಕೂಸಿನ ಬಣ್ಣ ನೋಡಿ ಚೀಟಿ ಕೇಳದೆ ಒಳಗೆ ತೆಗೆದುಕೊಂಡರು. ಬೆರಳಿಗೆ ಹಚ್ಚಿದ ಯಂತ್ರ 52 ತೋರಿಸಿತು. ಆಮ್ಲಜನಕ, ಸಲೈನ್, ಇಂಜೆಕ್ಷನ್. ನನ್ನ ಬರಿಗಾಲು ನೋಡಿ ನರ್ಸ್ ರಬ್ಬರ್ ಚಪ್ಪಲಿ ತಳ್ಳಿದರು, ನೆಲದ ಮೇಲೆ ಸೂಜಿ, ಗಾಜು ಇರುತ್ತವೆ ಅಂತ. ಒಂದು ಕ್ಷಣ ನನ್ನ ತಲೆಯಲ್ಲಿ ಬಂದದ್ದು ಏನು ಗೊತ್ತೇ? "ಚಪ್ಪಲಿ ಹಾಕಿದರೆ ಹರಕೆ ಕೆಡುತ್ತದೆ, ಹರಕೆ ಕೆಟ್ಟರೆ ಕೂಸಿಗೆ ಏನಾದರೂ ಆಗುತ್ತದೆ." ಹಾಕಿಕೊಂಡೆ. ಅಂಕಿ 60 ಆಯಿತು, 71 ಆಯಿತು. ಬೆಳಕು ಹರಿಯುವಾಗ 80. ಅವನಿಗೆ ಅದೇ ಒಳ್ಳೆಯ ಅಂಕಿ.

ಡಾಕ್ಟರಮ್ಮ ನನ್ನ ಹೆಂಡತಿಯ ಭುಜ ಮುಟ್ಟಿ ಮರಾಠಿಯಲ್ಲಿ, "ತಾಈ, ತುಮ್ಹೀ ಬರೋಬರ್ ಕೇಲಂತ" ಅಂದರು. ನೀವು ಸರಿಯಾಗಿ ಮಾಡಿದಿರಿ ಅಂತ. ಆಗ ಅವಳು ಅತ್ತಳು.

ಇಲ್ಲಿಗೆ ಮುಗಿಸಿ "ಸ್ವಾಮಿ ನನ್ನ ಮಗನನ್ನು ಕಾಪಾಡಿದ" ಅಂತ ಬರೆಯಬಹುದಿತ್ತು. ಆದರೆ ಪಕ್ಕದ ಬೆಡ್ಡಿನಲ್ಲಿ ಇನ್ನೊಂದು ಕೂಸು ಇತ್ತು.

ಸಾತಾರಾ ಕಡೆಯ ಕುಟುಂಬ. ಕೂಸಿನ ಹಣೆಗೆ ಅಜ್ಜಿ ಖಂಡೋಬನ ಭಂಡಾರ ಹಚ್ಚಿದ್ದರು. ಎರಡು ದಿನ ಅವರೂ ನಾವೂ ಒಂದೇ ಕಾರಿಡಾರಿನಲ್ಲಿ ಮಲಗಿದೆವು. ಅವರು ಕೊಟ್ಟ ಭಾಕರಿ ನಾವು ತಿಂದೆವು. ಆ ಅಜ್ಜಿಯೂ ಹರಕೆ ಹೊತ್ತಿದ್ದರು, ಜೇಜುರಿಯ ಮೆಟ್ಟಿಲನ್ನು ಮೊಣಕಾಲ ಮೇಲೆ ಹತ್ತುತ್ತೇನೆ ಅಂತ. ಎರಡನೇ ರಾತ್ರಿ ಆ ಕೂಸು ತೀರಿಕೊಂಡಿತು.

ಕೂಸಿನ ಅಪ್ಪ ಕಾಗದಕ್ಕೆ ಸಹಿ ಮಾಡುತ್ತಿದ್ದ, ಕೈ ನಡುಗುತ್ತಿತ್ತು. ಅಜ್ಜಿ ನನ್ನ ಕಡೆ ನೋಡಿ "ಬಾಳಾ, ಈ ಸಾಮಾನು ಕೆಳಗೆ ಮುಟ್ಟಿಸುತ್ತೀಯಾ, ಅವನ ಜೊತೆ ಸ್ವಲ್ಪ ನಿಲ್ಲುತ್ತೀಯಾ" ಅಂತ ಕೇಳಿದರು.

ಮಾಲೆ ಹಾಕಿದವರು ಸಾವಿನ ಕಡೆ ಹೋಗಬಾರದು ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು ನಿಂತೆ. ಹೆಚ್ಚೆಂದರೆ ಒಂದು ನಿಮಿಷ. ಆ ಒಂದು ನಿಮಿಷವನ್ನು ಈ ಗ್ರೂಪಿನಲ್ಲಿ ಒಪ್ಪಿಕೊಳ್ಳಬೇಕು ಅಂತಲೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಅವರ ಭಾಕರಿ ತಿನ್ನುವಾಗ ಇಲ್ಲದ ಮಡಿ ಅವರ ಚೀಲ ಎತ್ತುವಾಗ ಬಂತು. ಆಮೇಲೆ ಹೋದೆ. ಚೀಲ ಎತ್ತಿಕೊಂಡು, ಆ ಅಪ್ಪನ ಜೊತೆ ಕೆಳಗಿಳಿದು, ಗಾಡಿ ಬರುವವರೆಗೆ ನಿಂತೆ. ಅವನು ನನ್ನ ಮಾಲೆ ನೋಡಿ "ನಿಮ್ಮ ಮಗ ಹೇಗಿದ್ದಾನೆ?" ಅಂತ ಕೇಳಿದ. "ಚೆನ್ನಾಗಿದ್ದಾನೆ" ಅನ್ನಲು ನನಗೆ ನಾಚಿಕೆಯಾಯಿತು.

ಇಲ್ಲಿಂದ ನನ್ನ ಯೋಚನೆ ಶುರುವಾಯಿತು.

ನನ್ನ ಮಗ ಉಳಿದದ್ದು ನನ್ನ ಹರಕೆಯಿಂದ ಅಂದರೆ, ಅವರ ಕೂಸು ಹೋದದ್ದು ಯಾವುದರಿಂದ? ಅಜ್ಜಿಯ ಹರಕೆ ಚಿಕ್ಕದೇ? ಖಂಡೋಬ ನಮ್ಮ ಮೈಲಾರಲಿಂಗನೇ, ಊರಲ್ಲಿ ನಾವೂ ಏಳುಕೋಟಿ ಅನ್ನುವವರೇ. 2021ರಲ್ಲಿ ಇದೇ ಪುಣೆಯ ಪಕ್ಕದ ಪಿಂಪ್ರಿ ಚಿಂಚವಡದ ಒಂದು ಹೆಣ್ಣು ಕೂಸಿನ ಸುದ್ದಿ ನಿಮಗೆ ನೆನಪಿರಬಹುದು. ಸ್ನಾಯುಗಳು ಸೋಲುವ ರೋಗ. 16 ಕೋಟಿ ರೂಪಾಯಿಯ ಒಂದು ಇಂಜೆಕ್ಷನ್. ಊರೂರಿನ ಜನ ಸೇರಿ ದುಡ್ಡು ಕೂಡಿಸಿದರು, ಪ್ರಾರ್ಥನೆ ಮಾಡಿದರು. ಜೂನ್‌ನಲ್ಲಿ ಇಂಜೆಕ್ಷನ್ ಕೊಟ್ಟರು. ಆಗಸ್ಟ್ 1ರಂದು ಕೂಸು ತೀರಿಕೊಂಡಿತು. ಅಷ್ಟೂ ಜನರಲ್ಲಿ ಒಬ್ಬರ ಭಕ್ತಿಯೂ ಸಾಲಲಿಲ್ಲ ಅಂತ ಹೇಳುವ ಧೈರ್ಯ ಯಾರಿಗಿದೆ?

ನನ್ನ ತಪ್ಪು ಹರಕೆ ಹೊತ್ತದ್ದರಲ್ಲಿ ಇರಲಿಲ್ಲ. ಹರಕೆಯನ್ನು ನಾನು ತಿಳಿದುಕೊಂಡ ರೀತಿಯಲ್ಲಿ ಇತ್ತು. ನಮ್ಮ ಕಂಪನಿಗಳಲ್ಲಿ ವರ್ಷದ ಮೇಂಟೆನೆನ್ಸ್ ಕರಾರು ಇರುತ್ತದೆ. ಇಷ್ಟು ದುಡ್ಡು ಕಟ್ಟಿದರೆ ಇಷ್ಟು ಗಂಟೆಯೊಳಗೆ ರಿಪೇರಿ. ನಾನು ಸ್ವಾಮಿಯ ಜೊತೆ ಅಂಥದ್ದೇ ಕರಾರು ಮಾಡಿಕೊಂಡಿದ್ದೆ. 41 ದಿನದ ಚಳಿ ಸ್ನಾನ ನನ್ನ ಕಡೆಯ ಕಂತು, ಕೂಸಿನ ಉಸಿರು ಅವನ ಕಡೆಯ ಸೇವೆ. ಕರಾರಿನಲ್ಲಿ ಏನಾಗುತ್ತದೆ ಅಂದರೆ ಗಮನವೆಲ್ಲ ಕಂತಿನ ಮೇಲೆ ಹೋಗುತ್ತದೆ. ಕಂತು ತಪ್ಪದೆ ಕಟ್ಟಿದರೆ ಉಳಿದದ್ದು ಅವನ ಹೊಣೆ. ಅದಕ್ಕೇ ನಾನು ಬೆಳಿಗ್ಗೆ ನಾಲ್ಕಕ್ಕೆ ನಿಶ್ಚಿಂತೆಯಿಂದ ಮನೆ ಬಿಟ್ಟು ಹೋಗುತ್ತಿದ್ದೆ. ಡಾಕ್ಟರ್ ಹೇಳಿದ್ದರು, ಬೆಳಗಿನ ಹೊತ್ತೇ ಜೋಪಾನ ಅಂತ. ಗೊತ್ತಿದ್ದೂ ಹೋದೆ. ಕೂಸಿನ ಹೊಣೆ ಸ್ವಾಮಿಗೆ ಒಪ್ಪಿಸಿದೆ ಅಂದುಕೊಂಡೆ. ನಿಜದಲ್ಲಿ ಅದನ್ನು ಹೊತ್ತವಳು ನನ್ನ ಹೆಂಡತಿ. ಒಬ್ಬಳೇ.

ಮಣಿಕಂಠನ ಕಥೆ ನಮಗೆಲ್ಲ ಬಾಯಿಪಾಠ. ಪಂಪಾ ತೀರದಲ್ಲಿ ಕೊರಳಲ್ಲಿ ಮಣಿ ಕಟ್ಟಿದ ಕೂಸು, ಎತ್ತಿ ಸಾಕಿದ ಪಂದಳದ ರಾಜಶೇಖರ, ರಾಣಿಯ ಸುಳ್ಳು ತಲೆನೋವು, ವೈದ್ಯ ಹೇಳಿದ ಹುಲಿಯ ಹಾಲು, ಹನ್ನೆರಡರ ಹುಡುಗ ಕಾಡಿಗೆ ಹೋದದ್ದು. ಇದುವರೆಗೆ ಈ ಕಥೆಯನ್ನು ನಾನು ಮಗನ ಕಡೆಯಿಂದ ಕೇಳುತ್ತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಮೊದಲ ಸಲ ಅಪ್ಪನ ಕಡೆಯಿಂದ ಯೋಚಿಸಿದೆ. ಆ ಅಪ್ಪ ಕೆಟ್ಟವನಲ್ಲ, ಮಗನ ಮೇಲೆ ಜೀವ ಇಟ್ಟಿದ್ದವನು. ಆದರೂ ಮನೆಯ ಒಳಗೆ ಏನು ನಡೆಯುತ್ತಿದೆ ಅಂತ ಅವನಿಗೆ ಕಾಣಲಿಲ್ಲ. ಪ್ರೀತಿ ಇದ್ದರೆ ಸಾಲದು, ಗಮನ ಬೇಕು. ಕಥೆಯಲ್ಲಿ ಮಗ ದೇವರಾಗಿದ್ದ, ಹುಲಿಯ ಮೇಲೆ ಕೂತು ತಿರುಗಿ ಬಂದ. ನಮ್ಮ ನಿಮ್ಮ ಮಕ್ಕಳು ಹಾಗೆ ಬರಲಾರರು.

ಇನ್ನೊಂದು ವಿಷಯ. ಇವನ ಕಾಯಿಲೆಯ ಆಪರೇಷನ್ ಎಲ್ಲಿಂದ ಬಂತು ಅಂತ ಆ ನಾಲ್ಕು ದಿನದಲ್ಲಿ ಓದಿದೆ. 1944ರವರೆಗೆ ಇಂಥ ನೀಲಿ ಕೂಸುಗಳಿಗೆ ಇಂಥದೊಂದು ದಾರಿಯೇ ಇರಲಿಲ್ಲ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆಲೆನ್ ಟೌಸಿಗ್ ಎಂಬ ಮಕ್ಕಳ ಡಾಕ್ಟರ್ ಇದ್ದರು. ಅವರಿಗೆ ಕಿವಿ ಮಂದ, ಮಕ್ಕಳ ಎದೆಯ ಮೇಲೆ ಕೈಯಿಟ್ಟು ಹೃದಯವನ್ನು ಅರಿಯುತ್ತಿದ್ದರು. ಶ್ವಾಸಕೋಶಕ್ಕೆ ರಕ್ತ ಹೋಗಲು ಬೇರೆ ದಾರಿ ಮಾಡಬಹುದಲ್ಲವೇ ಅಂತ ಕೇಳಿದವರು ಅವರು. ಅದನ್ನು ಲ್ಯಾಬಿನಲ್ಲಿ ನಾಯಿಗಳ ಮೇಲೆ ಮಾಡಿ ಮಾಡಿ ಪಳಗಿದವರು ವಿವಿಯನ್ ಥಾಮಸ್ ಎಂಬ ಕರಿಯ ಜನಾಂಗದ ಟೆಕ್ನಿಶಿಯನ್. ಕಾಲೇಜಿಗೆ ಅಂತ ಕೂಡಿಸಿಟ್ಟ ದುಡ್ಡು ಬ್ಯಾಂಕ್ ಮುಳುಗಿ ಹೋಗಿತ್ತು, ಡಿಗ್ರಿ ಇರಲಿಲ್ಲ. ನವೆಂಬರ್ 29ರಂದು ಸರ್ಜನ್ ಆಲ್ಫ್ರೆಡ್ ಬ್ಲಾಲಾಕ್ ಮೊದಲ ಆಪರೇಷನ್ ಮಾಡುವಾಗ ಥಾಮಸ್ ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ಹೇಳಿಕೊಡುತ್ತಿದ್ದರು. ಬಹಳ ವರ್ಷ ಈ ಹೆಸರು ಯಾರಿಗೂ ಗೊತ್ತಿರಲಿಲ್ಲ. 1976ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟರು.

ಡಿಪ್ಲೊಮಾ ಓದಿದ ನನಗೆ ಆ ಸ್ಟೂಲಿನ ಮಾತು ಮನಸ್ಸಿಗೆ ನಾಟಿತು. ಅದಕ್ಕಿಂತ ಹೆಚ್ಚು ನಾಟಿದ್ದು ಇನ್ನೊಂದು. ಆ ಮೊದಲ ಆಪರೇಷನ್ ಆದ ಕೂಸು ಕೆಲವೇ ತಿಂಗಳು ಬದುಕಿತು. ಆ ತಾಯಿಯ ಪ್ರಾರ್ಥನೆ ವ್ಯರ್ಥವಾಯಿತೇ? ಕರಾರಿನ ಲೆಕ್ಕದಲ್ಲಿ ಹೌದು. ಆದರೆ ಆ ಕೂಸಿನ ಮೇಲೆ ಕಲಿತದ್ದರಿಂದ ಆಮೇಲೆ ಸಾವಿರಾರು ಮಕ್ಕಳು ಬದುಕಿದರು. 81 ವರ್ಷದ ಮೇಲೆ ನನ್ನ ಮಗನಿಗೂ ಆ ದಾರಿ ಇದೆ. ಸನ್ನಿಧಾನದಲ್ಲಿ ಬರೆದ "ತತ್ತ್ವಮಸಿ" ಅಂದರೆ ಅದು ನೀನೇ ಅಂತ. ಸ್ವಾಮಿ ಬೇರೆ ಎಲ್ಲೋ ಕೂತು ಯಾರ ಕಂತು ಬಂತು ಅಂತ ನೋಡುತ್ತಿದ್ದಾನೆ ಅನ್ನುವುದಕ್ಕಿಂತ, ಎದೆಯ ಮೇಲೆ ಕೈಯಿಟ್ಟ ಆ ಡಾಕ್ಟರ್, ಸ್ಟೂಲಿನ ಮೇಲೆ ನಿಂತ ಆ ಮನುಷ್ಯ, ಮೊಣಕಾಲು ಒತ್ತಿ ಹಿಡಿದ ನನ್ನ ಹೆಂಡತಿ, ಟೆಂಪೋ ತಂದ ಗುರುಸ್ವಾಮಿ, ಓಡಿ ಬಂದ ಕಾಕು, ಇವರ ಕೈಕಾಲಲ್ಲಿ ಅವನಿದ್ದ ಅನ್ನುವುದು ನನಗೆ ಸುಲಭವಾಗಿ ಒಪ್ಪಿಗೆಯಾಗುತ್ತದೆ. ಆ ಸಾಲಿನಲ್ಲಿ ನಾನೂ ಇರಬೇಕಿತ್ತು.

ಇದಕ್ಕೆ ಎರಡು ಆಕ್ಷೇಪ ಬಂದಿವೆ. ಎರಡೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು ನಮ್ಮ ಅವ್ವನದು. ಊರಿನಿಂದ ಬಂದವಳು ನನ್ನ ಮಾತು ಕೇಳಿ, "ಹರಕಿ ಇಲ್ಲದಿದ್ರ ನಮ್ಮಂಥವರು ಯಾವುದನ್ನ ಹಿಡ್ಕೊಂಡು ನಿಂದರಬೇಕಪ್ಪಾ? ಡಾಕ್ಟರಿಗೆ ಕೊಡಾಕ ರೊಕ್ಕ ಇಲ್ಲದಾಗ ದೇವರಿಗೆ ಕೊಡಾಕ ಉಪವಾಸಾದ್ರೂ ಇತ್ತು" ಅಂದಳು. ಅವ್ವ ಐದು ಹೆತ್ತು ಮೂರು ಉಳಿಸಿಕೊಂಡವಳು. ಅವಳ ಮುಂದೆ ನನ್ನ ತರ್ಕ ನಿಲ್ಲುವುದಿಲ್ಲ. ಏನೂ ಮಾಡಲು ಆಗದವರಿಗೆ ಹರಕೆ ಕೈಯಲ್ಲಿ ಕೊಟ್ಟ ಒಂದು ಕೆಲಸ. ಅದನ್ನು ಕಸಿದುಕೊಳ್ಳುವುದು ಕ್ರೂರ. ನನ್ನ ಮಟ್ಟಿಗೂ ವ್ರತ ಬಹಳ ಕೊಟ್ಟಿದೆ. ನಾಲ್ಕು ದಿನ ನಿದ್ದೆ ಇಲ್ಲದೆ ನಿಂತ ಶಕ್ತಿ, ಸಿಟ್ಟು ನುಂಗುವ ಅಭ್ಯಾಸ, ಐದು ಗಂಟೆಗೆ ಗಾಡಿ ತರುವ ಬಳಗ, ಇವೆಲ್ಲ ವ್ರತದಿಂದ ಬಂದವು. ನನ್ನ ಮಾತು ಇಷ್ಟೇ: ಅವ್ವನಿಗೆ ಮಾಡಲು ಬೇರೆ ಏನೂ ಇರಲಿಲ್ಲ, ನನಗೆ ಇತ್ತು. ಕೈಯಲ್ಲಿರುವ ಕೆಲಸ ಬಿಟ್ಟು ಹರಕೆ ಹಿಡಿದವನು ಅವ್ವನ ಹರಕೆಯ ಮರ್ಯಾದೆ ಕಳೆಯುತ್ತಾನೆ.

ಎರಡನೆಯದು ನಮ್ಮ ಗುಂಪಿನ ಒಬ್ಬ ಹಿರಿಯ ಸ್ವಾಮಿಯದು. "ಹೀಗೆ ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿ ನಿಯಮ ಬಿಟ್ಟರೆ ವ್ರತ ಉಳಿಯುತ್ತದೆಯೇ? ಇವತ್ತು ಮಗು, ನಾಳೆ ಆಫೀಸು, ನಾಡಿದ್ದು ಚಳಿ." ಇದು ನಿಜ. ಮೊದಲು ಆಫೀಸಿಗಾಗಿ ನಿಯಮ ಬಿಟ್ಟವನು ನಾನೇ. ಬಹಳ ಯೋಚಿಸಿ ನನಗೆ ನಾನೇ ಒಂದು ಅಳತೆ ಮಾಡಿಕೊಂಡಿದ್ದೇನೆ. ನಿಯಮ ಬಿಟ್ಟರೆ ನನಗೆ ಸುಖವಾಗುತ್ತದೆಯೋ, ನನಗಿಂತ ಕಷ್ಟದಲ್ಲಿರುವವರಿಗೆ ಆಸರೆಯಾಗುತ್ತದೆಯೋ? ಮೊದಲನೆಯದಾದರೆ ಅದು ನೆಪ. ಎರಡನೆಯದಾದರೆ ಅದೇ ವ್ರತ. ಚಳಿ ಅಂತ ಸ್ನಾನ ಬಿಡುವುದು ನೆಪ. ಆ ಅಜ್ಜಿಯ ಚೀಲ ಎತ್ತಿದ್ದು ನೆಪವಲ್ಲ. ಹಾಗೆಯೇ ತಿರುಗಿಸಿಯೂ ಕೇಳಿಕೊಳ್ಳಬೇಕು: ನಿಯಮ ಹಿಡಿದುಕೊಂಡರೆ ಯಾರಿಗೆ ಸುಖ? ಆ ಒಂದು ನಿಮಿಷ ನಾನು ಮಡಿ ಅಂತ ನಿಂತದ್ದು ಸ್ವಾಮಿಗಾಗಿ ಅಲ್ಲ, ನನ್ನ ಮಗನಿಗೆ ಆ ಸಾವು ತಗಲಬಾರದು ಅಂತ. ನಿಯಮವೂ ನೆಪವಾಗಬಲ್ಲದು ಸ್ವಾಮಿಗಳೇ.

ನಮ್ಮ ಸಂಪ್ರದಾಯದಲ್ಲೇ ಇದಕ್ಕೆ ಜಾಗವಿದೆ. ಇರುಮುಡಿಗೆ ಎರಡು ಭಾಗ. ಮುಂದಿನ ಮುಡಿಯಲ್ಲಿ ಸ್ವಾಮಿಯ ತುಪ್ಪದ ಕಾಯಿ, ಹಿಂದಿನ ಮುಡಿಯಲ್ಲಿ ದಾರಿಯ ಬುತ್ತಿ. ಒಂದನ್ನೇ ಹೊತ್ತರೆ ಅದು ಇರುಮುಡಿ ಆಗುವುದಿಲ್ಲ. ನೀಲಿಮಲೆ, ಅಪ್ಪಾಚಿಮೇಡು ಏರುವಾಗ ದಾರಿಯಲ್ಲಿ ಹೃದಯ ಚಿಕಿತ್ಸಾ ಕೇಂದ್ರ, ಆಮ್ಲಜನಕದ ವ್ಯವಸ್ಥೆ ಇರುವುದನ್ನು ಎಲ್ಲರೂ ನೋಡಿದ್ದೀರಿ. "ಸ್ವಾಮಿಯ ಮಲೆಯಲ್ಲಿ ಇದೇಕೆ" ಅಂತ ಯಾರೂ ಕೇಳಿಲ್ಲ. ಏದುಸಿರು ಬಿಡುವವನನ್ನು ಕಂಡರೆ ನಾವೆಲ್ಲ ಶರಣಂ ಹೇಳುತ್ತಲೇ ಕೈ ಕೊಟ್ಟು ಕೂರಿಸುತ್ತೇವೆ. ಮಲೆಯಲ್ಲಿ ನಮಗೆ ತಾನಾಗಿ ಬರುವುದು ಮನೆಯಲ್ಲಿ ಬರಲಿಲ್ಲ, ಅಷ್ಟೇ.

ಡಿಸ್ಚಾರ್ಜ್ ಆದ ದಿನ ಗುರುಸ್ವಾಮಿಯ ಹತ್ತಿರ ಹೋದೆ. ಚಪ್ಪಲಿ, ತಪ್ಪಿದ ಸ್ನಾನ, ಕ್ಯಾಂಟೀನ್ ಊಟ, ಸಾವು, ಎಲ್ಲ ಹೇಳಿದೆ. ಮಾಲೆ ತೆಗೆಯಬೇಕೇ ಅಂತ ಕೇಳಿದೆ. ಹದಿನೆಂಟಕ್ಕೂ ಹೆಚ್ಚು ಸಲ ಮಲೆ ಹತ್ತಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಕಥೆ ಹೇಳಿದರು. ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ.

ಮಗ ದೇವರಾಗಿ ಮಲೆಯಲ್ಲಿ ಕೂತ ಮೇಲೆ ಪಂದಳದ ರಾಜ ನೋಡಲು ಹತ್ತಿ ಬಂದನಂತೆ. ಅಪ್ಪ ಬರುವುದನ್ನು ಕಂಡು ಸ್ವಾಮಿ ಏಳಲು ಹೋದನಂತೆ. ದೇವರು ನನಗಾಗಿ ಏಳಬಾರದು ಅಂತ ರಾಜ ತನ್ನ ಹೆಗಲ ವಸ್ತ್ರ ತೆಗೆದು ಅವನ ಮೊಣಕಾಲಿಗೆ ಸುತ್ತಿ ಕಟ್ಟಿದನಂತೆ. ಅದೇ ನಾವು ನೋಡುವ ಯೋಗಪಟ್ಟ.

"ಮೊಣಕಾಲು ಮಡಚಿ ಹಿಡಿದ ಅಪ್ಪ ನೀನೊಬ್ಬನೇ ಅಲ್ಲ ಸ್ವಾಮಿ" ಅಂದರು.

ನಾನು ತಿದ್ದಿದೆ. "ಹಿಡಿದದ್ದು ನಾನಲ್ಲ, ಅವಳು."

"ಹಾಗಾದರೆ ಮುಂದಿನ ಸಲ ನೀನು ಹಿಡಿ. ಮಾಲೆಯ ಮಾತು ಆಮೇಲೆ."

ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಒಂದು ದಿನ ಯೋಚಿಸಿ ನಾನೇ ನಿರ್ಧಾರ ಮಾಡಿದೆ. ಮಾಲೆ ತೆಗೆದಿಲ್ಲ. ಈ ಸಲ ಮಲೆಗೂ ಹೋಗುತ್ತಿಲ್ಲ. ಪೂಜೆ ಮನೆಯಲ್ಲೇ, ತೊಟ್ಟಿಲ ಪಕ್ಕದಲ್ಲಿ, ಸಣ್ಣ ದನಿಯಲ್ಲಿ. ಬೆಳಗಿನ ಪಾಳಿ ನನ್ನದು, ಆ ಹೊತ್ತು ಅವಳು ಮಲಗುತ್ತಾಳೆ. ಒಂದು ಕಾಯಿಗೆ ತುಪ್ಪ ತುಂಬಿ ಗುಂಪಿನ ಜೊತೆ ಕಳಿಸಿದ್ದೇನೆ. ತುಂಬುವಾಗ ಎರಡು ಹೆಸರು ಹೇಳಿದೆ, ನನ್ನ ಮಗನದು ಮತ್ತು ಆ ಅಜ್ಜಿಯ ಮೊಮ್ಮಗನದು. ಏನನ್ನೂ ಕೇಳಲಿಲ್ಲ.

ಆಪರೇಷನ್ ಜನವರಿಯಲ್ಲಿ ಅಂದಿದ್ದಾರೆ, ತಾರೀಖು ಇನ್ನೂ ಕೊಟ್ಟಿಲ್ಲ. ಏನಾಗುತ್ತದೋ ನನಗೆ ಗೊತ್ತಿಲ್ಲ. ಚೆನ್ನಾಗಿ ಆದರೆ ಸ್ವಾಮಿಗೆ ಕೈ ಮುಗಿಯುತ್ತೇನೆ, ಮಲೆಯಲ್ಲೇ ಅವನಿಗೆ ಅನ್ನಪ್ರಾಶನ ಮಾಡಿಸಬೇಕು ಅಂತ ಅವ್ವನ ಆಸೆ. ಬೇರೆ ಏನಾದರೂ ಆದರೂ ನನ್ನ ವ್ರತ ಸಾಲಲಿಲ್ಲ ಅಂತ ನನ್ನನ್ನೋ, ಮಾತು ತಪ್ಪಿದ ಅಂತ ಅವನನ್ನೋ ಬೈಯದಿರುವಷ್ಟು ಬುದ್ಧಿ ಕೊಡಲಿ ಅಂತ ಕೇಳುತ್ತೇನೆ. ಸತ್ಯ ಹೇಳಬೇಕೆಂದರೆ ಅದು ನನ್ನಿಂದ ಆಗುತ್ತದೆ ಅನ್ನುವ ಧೈರ್ಯ ಇನ್ನೂ ಬಂದಿಲ್ಲ.

ಕೊನೆಗೆ ಮಾಲೆ ಹಾಕಿದ ಅಪ್ಪಂದಿರಿಗೆ ಮೂರು ಮಾತು. ಮನೆಯಲ್ಲಿ ಸಣ್ಣ ಕೂಸು, ಬಸುರಿ, ವಯಸ್ಸಾದವರು ಇದ್ದರೆ ಮನೆಯ ನಂಬರ್ ಸೈಲೆಂಟಿನಲ್ಲೂ ಬಾರಿಸುವಂತೆ ಇಡಿ. ಬಾರದಿದ್ದರೆ ನನಗೆ ಹೇಳಿ, ಎರಡು ನಿಮಿಷದ ಕೆಲಸ, ಹೇಳಿಕೊಡುತ್ತೇನೆ. ಎರಡು, ಕೂಸು ಹಾಲು ಕುಡಿಯುವಾಗ ಬೆವರಿದರೆ, ಅತ್ತಾಗ ತುಟಿ ನೀಲಿಯಾದರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ಆ ದಿನವೇ ಡಾಕ್ಟರಿಗೆ ತೋರಿಸಿ. ಮೂರು, ದುಡ್ಡಿನ ಭಯಕ್ಕೆ ತಡ ಮಾಡಬೇಡಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಇದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹುಟ್ಟು ದೋಷಗಳನ್ನು ತಪಾಸಣೆ ಮಾಡಿ ಚಿಕಿತ್ಸೆಗೆ ಕಳಿಸುತ್ತಾರೆ, ಹೃದಯದ ತೊಂದರೆಯೂ ಅದರಲ್ಲಿ ಸೇರುತ್ತದೆ. ಅಂಗನವಾಡಿಯಲ್ಲೋ ಸರ್ಕಾರಿ ಆಸ್ಪತ್ರೆಯಲ್ಲೋ ಕೇಳಿ. ಮಹಾರಾಷ್ಟ್ರದಲ್ಲಿರುವವರು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನೂ ವಿಚಾರಿಸಿ.

ಇದನ್ನು ಬರೆಯುತ್ತಿರುವುದು ಬೆಳಗಿನ ಐದಕ್ಕೆ. ಕೂಸು ಮಲಗಿದೆ. ಮೊಣಕಾಲು ಮಡಚಿಕೊಂಡೇ ಮಲಗುವುದು ಅದರ ರೂಢಿ.

ನನ್ನ ತಪ್ಪು ಒಪ್ಪುಗಳನ್ನು ಕ್ಷಮಿಸಿ ಕಾಪಾಡು ಸ್ವಾಮಿ.

ಸ್ವಾಮಿಯೇ ಶರಣಂ ಅಯ್ಯಪ್ಪ.